ಬಲಗಡೆಯ ಹಿಂದಿನ ದೀಪ

ಪ್ರತಿ ಭಾನುವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಒಂದು ಸಣ್ಣ ಕಾರ್ಯಕ್ರಮ ನಡೆಯುತ್ತದೆ. ಎಂಜಿನ್ ಬಂದ್ ಮಾಡಿ, ಕೈಬ್ರೇಕ್ ಎಳೆದು, ಕಾರಿನ ಕೀಲಿಯನ್ನಷ್ಟೇ ತಿರುಗಿಸಿ ನಾನು ಒಳಗೆ ಕುಳಿತಿರುತ್ತೇನೆ. ಮೊಮ್ಮಗ ಹೊರಗೆ ನಿಂತು, “ಎಡದ ಮುಂದಿಂದು ಹತ್ತ್ಯದ, ಹಿಂದಿಂದೂ ಹತ್ತ್ಯದ” ಎಂದು ಕೂಗುತ್ತಾನೆ. ನೆರೆಯವರು ಇದನ್ನು ನಿವೃತ್ತ ಮಾಸ್ತರರ ಹುಚ್ಚು ಎಂದೇ ತಿಳಿದಿದ್ದಾರೆ. ಈ ಹುಚ್ಚಿಗೆ ಕಾರಣವಾದ ಸಂಗತಿಯನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

2011ರ ಡಿಸೆಂಬರ್ ತಿಂಗಳು. ತೊಗರಿಯ ರಾಶಿಯ ಕಾಲ. ಆಗಿನ್ನೂ ನಮ್ಮ ನಗರದ ಹೆಸರು ಗುಲಬರ್ಗಾ. ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ಹುಮನಾಬಾದ್ ರಸ್ತೆಯಲ್ಲಿ ಮನೆಯತ್ತ ಬರುತ್ತಿದ್ದ ನಾನು ಮಹಾಗಾಂವ ಕ್ರಾಸಿನ ಬಳಿ ಬಲಕ್ಕೆ ಹೊರಳಲು ಸೂಚನಾ ದೀಪದ ಗುಂಡಿ ಒತ್ತಿ ವೇಗ ತಗ್ಗಿಸಿದೆ. ಒಳಗಿನ ಟಿಕ್ ಟಿಕ್ ಸದ್ದು ಎಂದಿಗಿಂತ ಅವಸರವಾಗಿತ್ತು. ಹಲವು ದಿನಗಳಿಂದಲೂ ಹಾಗೆಯೇ ಇತ್ತು. ಹೊರಳಿದೆನೋ ಇಲ್ಲವೋ, ಬಲಗಡೆಯಿಂದ ಮುಂದೆ ಹೋಗಲು ಬಂದ ಮೋಟಾರ್ ಸೈಕಲ್ ನನ್ನ ಬಾಗಿಲಿಗೆ ಬಡಿದು ಉರುಳಿತು. ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಹಿಂದೆ ಕುಳಿತಿದ್ದ ಅವನ ತಾಯಿಯ ಮುಂಗೈ ಮುರಿದಿತ್ತು.

ಜನ ಸೇರಿದರು. “ಮಾಸ್ತರು ಹೊಳ್ಳೋದು ಕಾಣಲಿಲ್ಲೇನೋ ನಿನಗ?” ಎಂದು ಎಲ್ಲರೂ ಅವನನ್ನೇ ಗದರಿದರು. ಅವನೂ ಕೈ ಮುಗಿದು, “ತಪ್ಪು ನಂದೇ ಅದ ಸರ್, ಲೈಟ್ ಕಾಣಲಿಲ್ರಿ” ಎಂದ. ನಾನು ಸುಮ್ಮನಿದ್ದೆ. ತಾಯಿಯನ್ನು ನನ್ನ ಕಾರಿನಲ್ಲಿಯೇ ಆಸ್ಪತ್ರೆಗೆ ಕರೆದೊಯ್ದೆ. ಅದಕ್ಕೂ ಜನ ನನ್ನನ್ನು ಹೊಗಳಿದರು.

ಅಂದು ರಾತ್ರಿ ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಗುಂಡಿ ಒತ್ತಿದೆ. ಗೋಡೆಯ ಎಡಭಾಗದಲ್ಲಿ ಹಳದಿ ಬೆಳಕು ಮಿನುಗಿತು. ಬಲಭಾಗ ಕತ್ತಲಾಗಿಯೇ ಉಳಿಯಿತು.

ನಾನು ವಿಜ್ಞಾನದ ಶಿಕ್ಷಕ. ಎರಡು ಲೋಹಗಳ ಪಟ್ಟಿಯನ್ನು ಕಾಯಿಸಿದರೆ ಅದು ಬಾಗಿ ಮಂಡಲವನ್ನು ಕಡಿಯುತ್ತದೆ, ತಣಿದರೆ ಮತ್ತೆ ಕೂಡಿಸುತ್ತದೆ, ಹಳೆಯ ವಾಹನಗಳ ದೀಪ ಮಿನುಗುವುದು ಹೀಗೆಯೇ ಎಂದು ಎಷ್ಟೋ ವರ್ಷ ಪಾಠ ಹೇಳಿದವನು. ಹನ್ನೆರಡು ವೋಲ್ಟಿನಲ್ಲಿ ಇಪ್ಪತ್ತೊಂದು ವ್ಯಾಟಿನ ಒಂದು ಬಲ್ಬು 1.75 ಆಂಪಿಯರ್ ಎಳೆಯುತ್ತದೆ. ಮುಂದಿನದು ಹಿಂದಿನದು ಕೂಡಿ 3.5. ಒಂದು ಸುಟ್ಟರೆ ಪ್ರವಾಹ ಅರ್ಧಕ್ಕೆ ಇಳಿಯುತ್ತದೆ. ಆ ಕೊರತೆಯನ್ನು ಗುರುತಿಸಿ, ಬಡಿತವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿ ಚಾಲಕನನ್ನು ಎಚ್ಚರಿಸುವಂತೆ ಎಲೆಕ್ಟ್ರಾನಿಕ್ ರಿಲೇಯನ್ನು ರೂಪಿಸಿರುತ್ತಾರೆ. ಅಂದರೆ ಯಂತ್ರ ನನಗೆ ದಿನವೂ ಹೇಳುತ್ತಿತ್ತು. ಅರ್ಥ ಬಲ್ಲವನೇ ಕೇಳಿಸಿಕೊಳ್ಳಲಿಲ್ಲ.

ಮರುದಿನ ಇಪ್ಪತ್ತು ರೂಪಾಯಿ ಕೊಟ್ಟು ಬಲ್ಬು ಹಾಕಿಸಿದೆ. ನಿಜ ಹೇಳಲು ಮಾತ್ರ ಎಂಟು ದಿನ ಹಿಡಿಯಿತು. ಕೊನೆಗೆ ಅವರ ಮನೆಗೆ ಹೋಗಿ, ಓಣಿಯ ನಾಲ್ಕು ಜನರೆದುರಿಗೆ, ತಪ್ಪು ಹುಡುಗನದಲ್ಲ, ನನ್ನದು ಎಂದೆ. ಆಸ್ಪತ್ರೆಯ ಖರ್ಚನ್ನೂ, ಆ ಸುಗ್ಗಿಯಲ್ಲಿ ತಪ್ಪಿಹೋದ ಕೂಲಿಯನ್ನೂ ಮುಂದಿಟ್ಟೆ. ಆ ತಾಯಿ ಹಣವನ್ನು ನೋಡಲಿಲ್ಲ. “ಎಂಟು ದಿನದಿಂದ ನನ್ನ ಮಗ ಉಂಡಿಲ್ಲ ಮಾಸ್ತರ, ಅವ್ವನ ಕೈ ನಾನೇ ಮುರದೆ ಅಂತ. ಇಷ್ಟು ಹೇಳಲಾಕ ಎಂಟು ದಿನ ಬೇಕಾಯ್ತೇನು?” ಎಂದರು. ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಓದುಗ ಮಿತ್ರರೆ, ಬಾಡಿಗೆ ಮತ್ತು ಸರಕು ವಾಹನಗಳಿಗಾದರೋ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸುಸ್ಥಿತಿಯ ಪ್ರಮಾಣಪತ್ರ ಬೇಕು. ನಮ್ಮ ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಅಷ್ಟು ಕಾಲ ಅದರ ತಪಾಸಣಾಧಿಕಾರಿ ಮಾಲೀಕನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೆಯ ನಿಯಮದಂತೆ ತಿರುವಿನ ದೀಪ ಹಳದಿ ಬಣ್ಣದ್ದಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120ಕ್ಕಿಂತ ಹೆಚ್ಚಿಲ್ಲದೆ ಮಿನುಗಬೇಕು. ಗಡಿಯಾರ ಹಿಡಿದು ಹತ್ತು ಸೆಕೆಂಡು ಎಣಿಸಿರಿ. ಹತ್ತರಿಂದ ಇಪ್ಪತ್ತರೊಳಗೆ ಇದ್ದರೆ ಸರಿ. ಆದರೆ ಎಣಿಕೆ ಸರಿಯಿದ್ದರೂ ಸಾಲದು, ಇಳಿದು ನೋಡಬೇಕು. ಬಿಳಿ ಗಾಜಿನೊಳಗಿನ ಬಲ್ಬಿನ ಹಳದಿ ಲೇಪ ಉದುರಿದ್ದರೆ ಬೆಳಕು ಬೆಳ್ಳಗಾಗುತ್ತದೆ. ಬ್ರೇಕ್ ತುಳಿದಾಗ ಪಕ್ಕದ ದೀಪ ಮಂಕಾದರೆ ಅರ್ಥಿಂಗ್ ತಂತಿಯ ಬುಡದಲ್ಲಿ ತುಕ್ಕು ಹಿಡಿದಿರಬಹುದು.

ಕೆಂಪು ತ್ರಿಕೋನದ ಗುಂಡಿಯನ್ನು ಒತ್ತಿ ನಾಲ್ಕೂ ಮೂಲೆಗಳ ದೀಪಗಳು ಒಟ್ಟಿಗೆ ಹತ್ತುವುದನ್ನು ನೋಡಿರಿ. ಕೀಲಿ ತೆಗೆದ ಮೇಲೂ ಹತ್ತಬೇಕು. ಅದು ಕೆಟ್ಟು ನಿಂತ ವಾಹನದ ಕೂಗು. ನಮ್ಮ ಕಡೆ ಕ್ರಾಸಿನಲ್ಲಿ ನೇರ ಹೋಗುವವರೂ, ಮಳೆಯಲ್ಲಿ ಓಡಿಸುವವರೂ ಅದನ್ನು ಹಾಕುತ್ತಾರೆ. ಪಕ್ಕದಿಂದ ಬರುವವನಿಗೆ ಒಂದೇ ಬದಿ ಕಂಡು, ಗಾಡಿ ಹೊರಳುತ್ತಿದೆ ಎಂದೇ ತೋರುತ್ತದೆ. ನಿಜವಾಗಿ ಹೊರಳುವಾಗ ಹೇಳಲು ಭಾಷೆಯೇ ಉಳಿದಿರುವುದಿಲ್ಲ. ರಾತ್ರಿ ಕಬ್ಬು ಹೇರಿಕೊಂಡು ಕಮಲಾಪುರದ ರಸ್ತೆಯಲ್ಲಿ ನಿಂತ ಟ್ರ್ಯಾಲಿಗಳಿಗಂತೂ ಹಿಂದೆ ಏನಾದರೂ ಮಿನುಗುವುದು ಅತ್ಯಗತ್ಯ.

ಚಾಲಕನ ಆಸನದಿಂದ ಎಲ್ಲವೂ ಕಾಣುತ್ತದೆ, ತನ್ನ ಹಿಂದಿನ ದೀಪವೊಂದನ್ನು ಬಿಟ್ಟು. ಅದಕ್ಕೆ ಇನ್ನೊಬ್ಬರ ಕಣ್ಣು ಬೇಕು, ಇಲ್ಲವೇ ಒಂದು ಗೋಡೆ. ಆ ಹುಡುಗನದು ಈಗ ಸ್ವಂತ ಗ್ಯಾರೇಜು. ನನ್ನ ಕಾರು ಹೋದಾಗಲೆಲ್ಲ, ಬಂದ ಕೆಲಸ ಏನೇ ಇರಲಿ, ಮೊದಲು ಹಿಂದೆ ಹೋಗಿ ನಿಂತು, “ಬಲಕ್ಕ ಹಾಕ್ರಿ ಸರ್” ಎನ್ನುತ್ತಾನೆ. ನಾನು ಹಾಕುತ್ತೇನೆ.