ಕಡಲು ಕಾಣದ ನೆಲದ ಹಡಗುಗಳು

ಬೆಂಗಳೂರಿನಿಂದ ಶಿಂಷಾ ಹೊಳೆ ದಾಟಿ, ಮದ್ದೂರಿನಲ್ಲಿ ವಡೆ ತಿಂದು ಮಳವಳ್ಳಿಯತ್ತ ತಿರುಗಿದರೆ ಕಣ್ಣಿಗೆ ಬೀಳುವುದು ಕಬ್ಬು, ರಾಗಿ, ಕೆರೆ. ಕಡಲು ಎಷ್ಟೋ ದೂರ. ಆದರೂ ಹಾಯಿಹಡಗುಗಳ ಕನಸೊಂದು ಒಡೆದದ್ದು ಈ ಹೊಲಗಳ ನಡುವೆಯೇ.

ಇಂಗ್ಲಿಷರ ಬಲವಿರುವುದು ಕಡಲಿನಲ್ಲಿ ಎಂದರಿತ ಟಿಪ್ಪು, 1796ರಲ್ಲಿ ಶ್ರೀರಂಗಪಟ್ಟಣದಿಂದಲೇ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆ ಹೊರಡಿಸಿದ. ಮಂಗಳೂರು, ಮಿರ್ಜಾನ್ ಕಡೆ ಹಡಗುಕಟ್ಟೆಗಳ ಯೋಜನೆಯಾಯಿತು. ಕಾಲ ಕೂಡಿಬರಲಿಲ್ಲ. ಜನರಲ್ ಹ್ಯಾರಿಸನ ಸೇನೆ ಮದ್ದೂರು ಹೊಳೆ ದಾಟಿ ಬಂತು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಹಿಮ್ಮೆಟ್ಟಿದ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ.

ದೇಶದೇಶಗಳು ತಮ್ಮ ಹಾಯಿನೌಕೆಗಳನ್ನು ಅಂಚೆಚೀಟಿಗಳಲ್ಲಿ ಮೆರೆಸಿವೆ. ನಮ್ಮ ಅಂಚೆ ಇಲಾಖೆ 1974ರಲ್ಲಿ 50 ಪೈಸೆಯ ಚೀಟಿಯಲ್ಲಿ ಟಿಪ್ಪುವಿನ ಚಿತ್ರ ಅಚ್ಚುಹಾಕಿಸಿತು. ಒಡೆಯನಿಗೆ ಚೀಟಿ ಸಿಕ್ಕಿತು. ಅವನ ಹಡಗುಗಳು ಅಪ್ಪಣೆಯ ಕಾಗದದಲ್ಲೇ ಲಂಗರು ಹಾಕಿದವು.