ಪಾಟಿಚೀಲದ ನೆನಪು

1993ನೆಯ ಇಸವಿಯ ಸಪ್ಟೆಂಬರ 30ರ ಬೆಳಗಿನ ಜಾವದಲ್ಲಿ ಕಿಲ್ಲಾರಿಯ ಭೂಕಂಪವು ನಮ್ಮ ಆಳಂದವನ್ನೂ ನಡುಗಿಸಿತು. ಮರುದಿನ ನೆರವಿಗೆಂದು ಅಲ್ಲಿಗೆ ಹೋದ ನಾನು, ಕುಸಿದ ಕಲ್ಲುಮಣ್ಣಿನ ಗೋಡೆಯಡಿಯಲ್ಲಿ ಒಂದು ಪಾಟಿಚೀಲವನ್ನು ಕಂಡೆನು. ಅಂದಿನಿಂದ ಮಾಳಿಗೆಯ ಕೆಳಗೆ ನಿದ್ರೆ ಬಾರದಾಯಿತು, ಅಂಗಳವೇ ಗತಿಯಾಯಿತು. ಪರರಿಗೆ ಗೀತೆಯನ್ನು ಬೋಧಿಸುವವನಿಗೆ ತನ್ನ ಭಯವನ್ನು ಹೇಳಿಕೊಳ್ಳಲು ನಾಚಿಕೆ.

ನಿವೃತ್ತನಾದ ಮೇಲೆ, ಮಗಳ ಒತ್ತಾಯದಿಂದ ಬೆಂಗಳೂರಿನಲ್ಲಿ ಮನೋವೈದ್ಯರೊಬ್ಬರನ್ನು ಕಂಡೆನು. ಅವರು ಕೊಟ್ಟ ಚಿಕಿತ್ಸೆಗೆ ಇ.ಎಂ.ಡಿ.ಆರ್. ಎಂದು ಹೆಸರು, ಅಮೇರಿಕೆಯ ಫ್ರಾನ್ಸಿನ್ ಶಪೀರೋ ಎಂಬ ವಿದುಷಿಯು 1989ರಲ್ಲಿ ಪ್ರಕಟಿಸಿದ ಕ್ರಮವದು. ಆ ಚೀಲವನ್ನು ಸ್ಮರಿಸುತ್ತಲೇ, ಎಡಬಲಕ್ಕೆ ಆಡುವ ವೈದ್ಯರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ನಡುನಡುವೆ ನಿಂತು, ಮನದಲ್ಲಿ ತೋರಿದುದನ್ನು ಹೇಳಬೇಕು. ತ್ರಾಟಕದಲ್ಲಿ ದೃಷ್ಟಿಯು ನಿಲ್ಲಬೇಕು, ಇಲ್ಲಿಯಾದರೋ ಚಲಿಸಬೇಕು! ಮೊದಲ ದಿನ ನಕ್ಕೆನು, ಮೂರನೆಯ ದಿನ ಅತ್ತೆನು.

ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಇದನ್ನು ಒಪ್ಪಿದೆ. ಆದರೂ ಗುಣವು ಕಣ್ಣಿನ ಚಲನೆಯಿಂದಲೋ, ಧೈರ್ಯದಿಂದ ನೆನೆಯುವುದರಿಂದಲೋ ಎಂಬ ವಾದವು ಪಂಡಿತರಲ್ಲಿ ಮುಗಿದಿಲ್ಲ. ನನ್ನ ಅನುಭವವಿಷ್ಟೇ: ಚೀಲವು ಮರೆತುಹೋಗಲಿಲ್ಲ, ಆದರೆ ಅದು ಈಗ ಕಿಲ್ಲಾರಿಯಲ್ಲಿದೆ, ನನ್ನ ಮಾಳಿಗೆಯ ಕೆಳಗಿಲ್ಲ. ವಾಚಕರಲ್ಲಿ ನನ್ನಂತೆ ನಾಚಿ ಕುಳಿತವರಿದ್ದರೆ, ನುರಿತ ವೈದ್ಯರಲ್ಲಿ ಹೇಳಿಕೊಳ್ಳಲಿ. ಕಳೆದ ಮಳೆಗಾಲದಲ್ಲಿ ನಾನು ಮನೆಯೊಳಗೆ ಮಲಗಿದೆನು.