ಕಣದ ರಾಶಿ ಮತ್ತು ಪರ್ಣಶಾಲೆಯ ಹಬ್ಬ

ಶಿವನಿಯ ನಮ್ಮ ಹೊಲದಲ್ಲಿ ಹಿಂದೆ ರಾಗಿಯ ಕಣವಿತ್ತು. ನೆರೆಹೊಲದವರು ತೂರಿದ ರಾಶಿಗೆ ಪೂಜೆ ಸಲ್ಲಿಸಿಯೇ ಅಳೆಯಲು ಕೂರುತ್ತಿದ್ದರು. ನಮ್ಮ ತಂದೆಯವರು ಬಿಸ್ಮಿಲ್ಲಾ ಎಂದು ಮೊದಲ ಕೊಳಗ ಎತ್ತುತ್ತಿದ್ದರು. ಹತ್ತನೆಯ ಕೊಳಗ ಉಶ್ರ್ ಆಗಿ ಬೇರೆ ಬೀಳುತ್ತಿತ್ತು. ಮಳೆಯ ಬೆಳೆಗೆ ಹತ್ತರಲ್ಲಿ ಒಂದು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಎರಡು ಕಣಗಳಿಗೂ ಏನು ವ್ಯತ್ಯಾಸವೆಂದು ನಾವು ಬಾಲ್ಯದಲ್ಲಿ ಕೇಳಿದಾಗ, “ನಾವು ರಾಶಿಗೆ ಕೈಮುಗಿಯುವುದಿಲ್ಲ” ಎಂದಷ್ಟೇ ತಂದೆಯವರು ಹೇಳಿದ್ದರು. ಆದರೆ ಬಡವರಿಗೆ, ಊರಿನ ಆಯಗಾರರಿಗೆ ಕಣದಲ್ಲೇ ಪಾಲು ಕೊಡುವ ರೂಢಿ ಆ ನೆರೆಯವರಲ್ಲೂ ಇತ್ತು.

ಪ್ರಾಚೀನ ಯಹೂದಿಯರ ಹಬ್ಬಗಳ ಕುರಿತು ಓದುವಾಗ ಆ ಪ್ರಶ್ನೆ ಮತ್ತೆ ಎದುರಾಯಿತು. ಅವರ ನೆರೆಯ ಕಾನಾನ್ಯರೂ ಸುಗ್ಗಿಯಲ್ಲಿ ಹಬ್ಬ ಮಾಡುತ್ತಿದ್ದರು. ಶೆಕೆಮಿನವರು ದ್ರಾಕ್ಷಿ ಕೊಯ್ದು, ತುಳಿದು, ತಮ್ಮ ದೇವರ ಗುಡಿಯಲ್ಲಿ ಉಂಡು ಕುಡಿದರೆಂದು ಬೈಬಲಿನ ನ್ಯಾಯಸ್ಥಾಪಕರ ಗ್ರಂಥ ತಿಳಿಸುತ್ತದೆ. ಯಹೂದಿಯರ ಪರ್ಣಶಾಲೆಗಳ ಹಬ್ಬವೂ ಕಣ ಮತ್ತು ದ್ರಾಕ್ಷಿಯ ಆಲೆಯ ಕೆಲಸ ಮುಗಿದ ಮೇಲಿನದೇ. ತಿಶ್ರಿ ತಿಂಗಳ 15ರಿಂದ ಏಳು ದಿನ. ಆದರೆ ಕಣಜ ತುಂಬಿರುವಾಗಲೇ ಮನೆ ಬಿಟ್ಟು ಸೊಪ್ಪಿನ ಗುಡಿಸಲಲ್ಲಿ ವಾಸಿಸಬೇಕು! ಫಿರ್‌ಔನನಿಂದ ಪಾರಾಗಿ ಬಂದ ಪೂರ್ವಿಕರಿಗೆ ಸೂರಿರಲಿಲ್ಲವೆಂಬ ನೆನಪಿಗಾಗಿ. ಪರದೇಶಿ, ಅನಾಥ, ವಿಧವೆಯರೂ ಆ ಸಂತೋಷದಲ್ಲಿ ಪಾಲುಗೊಳ್ಳಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ.

ತಿಂಗಳುಗಳ ಹೆಸರುಗಳನ್ನು ಅವರು ಬಾಬಿಲೋನಿನಿಂದ ಪಡೆದರು. ಅಲ್ಲಿ ನಿಸಾನ್ ತಿಂಗಳು ಅರಸನ ಅಧಿಕಾರವನ್ನು ನವೀಕರಿಸುವ ಅಕಿತು ಉತ್ಸವದ ಕಾಲ. ಇವರಿಗೆ ಗುಲಾಮರ ಬಿಡುಗಡೆಯ ಪಸ್ಕಹಬ್ಬ. ಋತು ಒಂದೇ, ಸ್ಮರಣೆ ಬೇರೆ. ಮದೀನಾದಲ್ಲಿ ಯಹೂದಿಯರು ಮೂಸಾರ(ಅ) ವಿಮೋಚನೆಗಾಗಿ ಆಶೂರಾ ಉಪವಾಸವಿರುವುದನ್ನು ಕಂಡ ಪ್ರವಾದಿವರ್ಯರು(ಸ) ಅದನ್ನು ನೆರೆಯವರ ಆಚರಣೆಯೆಂದು ತಳ್ಳಿಹಾಕಲಿಲ್ಲ, ತಾವೂ ಉಪವಾಸವಿದ್ದರು. ಒಂಬತ್ತನೆಯ ದಿನವನ್ನೂ ಸೇರಿಸುವ ಇಚ್ಛೆಯನ್ನು ಬಳಿಕ ತಿಳಿಸಿದರು.

ತಂದೆಯವರ ಉತ್ತರ ಸುಳ್ಳಲ್ಲ, ಅರ್ಧ ಮಾತ್ರ. ಕೈಮುಗಿಯದವನು ರಾಶಿಯ ಮುಂದೆ ಮತ್ತೇನು ಮಾಡಬೇಕೆಂಬುದು ಉಳಿದರ್ಧ. ಕೊಯ್ಲಿನ ದಿನವೇ ಬೆಳೆಯ ಹಕ್ಕನ್ನು ಸಲ್ಲಿಸಬೇಕೆಂಬುದು ಕುರ್‌ಆನಿನ ಆದೇಶ (6:141).

ಈಗ ಕಣವಿಲ್ಲ. ಯಂತ್ರ ಹೊಲದಲ್ಲೇ ಕಾಳು ಬಿಡಿಸಿ ಚೀಲಕ್ಕೆ ಸುರಿಯುತ್ತದೆ. ಕಳೆದ ವರ್ಷ ಚೀಲಗಳು ಹೊಲದಿಂದಲೇ ಮಂಡಿಗೆ ಹೋದವು, ಅಳೆಯಲು ಯಾರೂ ಕೂರಲಿಲ್ಲ. ವಾರದ ನಂತರ, ಪ್ರತಿವರ್ಷ ಬರುತ್ತಿದ್ದ ವಿಧವೆಯೊಬ್ಬರು ಬಾಗಿಲಿಗೆ ಬಂದು, “ರಾಶಿ ಯಾವತ್ತು, ಸಾಬ್ರೇ?” ಎಂದು ಕೇಳಿದರು. ನಾವು ಹಣ ಕೊಟ್ಟೆವು. ಎಣಿಸದೆ ಸೆರಗಿಗೆ ಕಟ್ಟಿಕೊಂಡು, ತಂದಿದ್ದ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಅವರು ಹೊರಟರು.